ಆಟಿಕೆ ರೈಲಿನ ಗಂಟಲು ಕಟ್ಟಿದಾಗ

ಆಳಂದದ ಲಾಡ್ಲೆ ಮಶಾಕ ದರ್ಗಾದ ಉರುಸಾಗಲಿ, ಅಫಜಲಪುರ ತಾಲ್ಲೂಕಿನ ಘತ್ತರಗಿ ಭಾಗ್ಯವಂತಿಯ ಜಾತ್ರೆಯಾಗಲಿ, ಜೇವರ್ಗಿಯ ಮಹಾಲಕ್ಷ್ಮಿ ಜಾತ್ರೆಯಾಗಲಿ, ಆಟಿಕೆ ಅಂಗಡಿ ಎಂದ ಮೇಲೆ ಅಲ್ಲೊಂದು ರೈಲು ಇರಲೇಬೇಕು. ಈ ಮೂರೂ ತಾಲ್ಲೂಕು ಕೇಂದ್ರಗಳಿಗೆ ಇನ್ನೂ ರೈಲು ಹಳಿ ಬಂದಿಲ್ಲ. ಆಳಂದ, ಜೇವರ್ಗಿಯವರು ರೈಲು ಹತ್ತಲು ಕಲಬುರಗಿಗೆ ಹೋಗಬೇಕು. ಅಫಜಲಪುರದವರಿಗೆ ಗಾಣಗಾಪುರ ರೋಡ್ ನಿಲ್ದಾಣವಿದೆ. ಹೀಗಾಗಿ ಇಲ್ಲಿನ ಎಷ್ಟೋ ಮಕ್ಕಳು ರೈಲಿನ ಸದ್ದನ್ನು ಮೊದಲು ಕೇಳುವುದು ಜಾತ್ರೆಯ ಆಟಿಕೆಯಿಂದಲೇ. ನಾಲ್ಕು ದಿನದಲ್ಲಿ ಆ ದನಿ ಗೊಗ್ಗರಾಗುತ್ತದೆ, ಎಂಟು ದಿನದಲ್ಲಿ ನಿಲ್ಲುತ್ತದೆ, ರೈಲು ಗುಜರಿಗೆ ಹೋಗುತ್ತದೆ. ಅದರೊಳಗೆ ಕೆಟ್ಟಿರುವುದು ಮಾತ್ರ ಅನೇಕ ವೇಳೆ ಮನೆಯಲ್ಲೇ ಸರಿಪಡಿಸಬಹುದಾದಂಥದ್ದು.

ಮಾದರಿ ರೈಲಿಗೆ ದನಿ ಕೊಡುವ ಪ್ರಯತ್ನ ಹಳೆಯದು. 1935ರಲ್ಲಿ ಅಮೆರಿಕದ ಲಯನೆಲ್ ಕಂಪನಿಯು ಎಂಜಿನ್ನಿನ ಹಿಂದಿನ ಕಲ್ಲಿದ್ದಲು ಬಂಡಿಯೊಳಗೆ ಪುಟ್ಟ ಮೋಟಾರು, ಪಂಕ ಇಟ್ಟು, ಗಾಳಿಯಿಂದಲೇ ಸೀಟಿ ಊದಿಸಿತು. ಈಗಿನ ಜಾತ್ರೆ ರೈಲಿನಲ್ಲಿರುವುದು ಒಂದು ಅಗ್ಗದ ಚಿಪ್. ಗಾಲಿ ಜೋರಾಗಿ ತಿರುಗಲಿ, ನಿಧಾನ ತಿರುಗಲಿ, ಅದರ ‘ಛುಕ್ ಛುಕ್’ ಒಂದೇ ಸಮ. ನಿಜವಾದ ಉಗಿ ಎಂಜಿನ್ನು ಹಾಗಲ್ಲ. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಉಗಿಯು ಪಿಸ್ಟನ್ನನ್ನು ಎರಡೂ ಬದಿಯಿಂದ ತಳ್ಳುವುದರಿಂದ, ದೊಡ್ಡ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ನಾಲ್ಕು ‘ಛುಕ್’. ಭಾರತದಲ್ಲಿ ಓಡಿದ ಡಬ್ಲ್ಯುಪಿ ಎಂಜಿನ್ನಿನ ದೊಡ್ಡ ಗಾಲಿಯ ವ್ಯಾಸ ಸುಮಾರು 1.7 ಮೀಟರು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 3 ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಅಂದರೆ 12 ‘ಛುಕ್’. ಹೈಸ್ಕೂಲು ಹುಡುಗರು ಲೆಕ್ಕ ಹಾಕಿ ನೋಡಬಹುದು.

ದುಬಾರಿ ಮಾದರಿಗಳು ಈ ತಾಳ ತಪ್ಪುವುದಿಲ್ಲ. ಅವುಗಳ ಹಳಿಯಲ್ಲಿ ವಿದ್ಯುತ್ತಿನ ಜೊತೆಗೇ ಸಂಕೇತವೂ ಹರಿಯುತ್ತದೆ. ಡಿಸಿಸಿ ಎಂಬುದು ಈ ಪದ್ಧತಿಯ ಹೆಸರು. ಎಂಜಿನ್ನಿನೊಳಗಿನ ಡಿಕೋಡರ್ ತನ್ನ ಸಂಖ್ಯೆಗೆ ಬಂದ ಅಪ್ಪಣೆಯನ್ನಷ್ಟೇ ಪಾಲಿಸಿ ಮೋಟಾರನ್ನೂ ಸದ್ದನ್ನೂ ಒಟ್ಟಿಗೆ ನಡೆಸುತ್ತದೆ. ಜರ್ಮನಿಯ ಇಎಸ್‌ಯು, ಅಮೆರಿಕದ ಸೌಂಡ್‌ಟ್ರಾಕ್ಸ್ ಇಂಥವನ್ನು ತಯಾರಿಸುತ್ತವೆ. ಕೆಲವಂತೂ ಮೋಟಾರಿಗೆ ಭಾರ ಬಿದ್ದರೆ ದನಿಯಲ್ಲೂ ಏದುಸಿರು ತೋರಿಸುತ್ತವೆ! ಸೊಗಸೇನೋ ಹೌದು, ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅಷ್ಟು ಖರ್ಚು ಬೇಕಿಲ್ಲ. ಮೇಜಿನ ಕೆಳಗೊಂದು ದೊಡ್ಡ ಸ್ಪೀಕರ್ ಇಟ್ಟರೆ ಇನ್ನೂ ಗಡುಸಾದ ದನಿ ಬರುತ್ತದೆ. ರೈಲು ಆ ತುದಿಗೆ, ಸದ್ದು ಈ ತುದಿಗೆ ಎಂಬ ಕುಂದು ಪುಟ್ಟ ಮೇಜಿನ ಮೇಲೆ ಅಷ್ಟಾಗಿ ತಿಳಿಯದು.

ದನಿ ಕೆಟ್ಟಾಗ ಮೊದಲು ಮಾಡಬೇಕಾದ್ದು ಕಿವಿಗೊಟ್ಟು ಕೇಳುವುದು. ನಿಂತಾಗ ಸರಿಯಾಗಿ ಕೂಗುವ ರೈಲು, ಓಡತೊಡಗಿದೊಡನೆ ಗೊಗ್ಗರಾದರೆ ಸೆಲ್ಲು ಸೊರಗಿದೆ ಎಂದೇ ಅರ್ಥ. ಮೋಟಾರು ಹೆಚ್ಚು ವಿದ್ಯುತ್ ಎಳೆದಾಗ ವೋಲ್ಟೇಜ್ ಇಳಿಯುತ್ತದೆ; ಅಗ್ಗದ ಚಿಪ್‌ನ ತಾಳವೂ ಅದರೊಡನೆ ಇಳಿಯುತ್ತದೆ. ಸೆಲ್ಲು ಬದಲಿಸುವಾಗ ಸ್ಪ್ರಿಂಗಿಗೆ ಹಿಡಿದ ಕಿಲುಬನ್ನೂ ಉಜ್ಜಿ ತೆಗೆಯಬೇಕು. ಗುಂಡಿಯಂಥ ಪುಟ್ಟ ಸೆಲ್ಲಿದ್ದರೆ ಅದನ್ನು ತೆಗೆಯುವುದು, ಹಾಕುವುದು ದೊಡ್ಡವರ ಕೆಲಸವೇ ಆಗಬೇಕು. ಮಗು ಅದನ್ನು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಹಳಿಯಿಂದ ವಿದ್ಯುತ್ ಪಡೆಯುವ ರೈಲಿನ ಕಾಯಿಲೆ ಬೇರೆ. ಅದರ ದನಿ ತುಂಡುತುಂಡಾಗಿ ಬರುವುದು ಹೆಚ್ಚಾಗಿ ಹಳಿಗೂ ಗಾಲಿಗೂ ಹತ್ತಿದ ಕರಿಜಿಡ್ಡಿನಿಂದ. ಓಡುವ ಗಾಲಿ ತನ್ನ ವೇಗದಲ್ಲೇ ಆ ಜಾಗ ದಾಟಿಬಿಡುತ್ತದೆ. ಆದರೆ ಚಿಪ್‌ಗೆ ವಿದ್ಯುತ್ ಒಂದು ಕ್ಷಣ ತಪ್ಪಿದರೂ ಸಾಕು, ಮೊದಲಿನಿಂದ ಶುರುಮಾಡುತ್ತದೆ. ರೈಲನ್ನು ನಿಲ್ಲಿಸಿ, ವಿದ್ಯುತ್ ಸಂಪರ್ಕ ತೆಗೆದು, ಸ್ಪಿರಿಟ್ ತೇವದ ಬಟ್ಟೆಯಿಂದ ಒರೆಸಿದರೆ ಅರ್ಧ ರೋಗ ವಾಸಿ. ಒಲೆ, ದೀಪದ ಹತ್ತಿರ ಮಾತ್ರ ಈ ಕೆಲಸ ಸಲ್ಲದು.

ಗಾಲಿ ತಿರುಗಿಯೂ ಸದ್ದೇ ಇಲ್ಲವೆಂದರೆ ಸ್ಪೀಕರಿನ ತಂತಿ ಬಿಡಿಸಿ, ಅದರ ಎರಡು ತುದಿಗಳಿಗೆ 1.5 ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಬೇಕು. ‘ಟಕ್’ ಎಂದರೆ ಸ್ಪೀಕರಿಗೆ ಜೀವವಿದೆ. ಬೆಸುಗೆ ಬಿಟ್ಟಿದೆಯೇ ನೋಡಬೇಕು. ಹೊಸದನ್ನೇ ಹಾಕುವುದಾದರೆ 8 ಓಮ್‌ನ ಜಾಗಕ್ಕೆ 8 ಓಮ್‌ನದೇ ಇರಲಿ. 4 ಓಮ್‌ನದು ಹೆಚ್ಚು ವಿದ್ಯುತ್ ಎಳೆದು ಚಿಪ್‌ ಅನ್ನು ಸುಡಬಹುದು.

ಎಲ್ಲ ಸರಿಯಿದ್ದೂ ದನಿ ಸೊಳ್ಳೆಯಂತೆ ‘ಗುಂಯ್’ ಎನ್ನುವುದುಂಟು. ಇಲ್ಲಿ ಚಿಪ್‌ನ ತಪ್ಪೇನೂ ಇಲ್ಲ. ಸ್ಪೀಕರಿನ ಕಾಗದ ಮುಂದಕ್ಕೆ ಚಿಮ್ಮಿದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನದು ಸಡಿಲಾಗುತ್ತದೆ. ನಡುವೆ ತಡೆಯಿಲ್ಲದಿದ್ದರೆ ಒತ್ತಿದ ಗಾಳಿ ಅಂಚು ಬಳಸಿ ಹಿಂದಕ್ಕೆ ಜಾರಿ, ಒಂದನ್ನೊಂದು ಅಳಿಸಿಹಾಕುತ್ತವೆ. ಪೆಟ್ಟು ಬೀಳುವುದು ಗಡುಸು ದನಿಗೇ. ಚಪ್ಪಲಿ ಡಬ್ಬಿಗೆ ಸ್ಪೀಕರಿನ ಕಾಗದದಷ್ಟೇ ಅಗಲದ ತೂತು ಕೊರೆದು, ಒಳಗಿನಿಂದ ಅದನ್ನು ಕೂರಿಸಿ ಮುಚ್ಚಳ ಹಾಕಿ ಕೇಳಿದರೆ ವ್ಯತ್ಯಾಸ ತಾನೇ ಗೊತ್ತಾಗುತ್ತದೆ. ರೈಲಿನೊಳಗಾದರೆ ಸ್ಪೀಕರಿನ ಬೆನ್ನಿಗೆ ಬಿಗಿಯಾಗಿ ಅಂಟಿಸಿದ ಪುಟ್ಟ ಪ್ಲಾಸ್ಟಿಕ್ ಡಬ್ಬಿಯೇ ಸಾಕು.

ಇನ್ನು ಯಾವ ಸದ್ದು ಹಾಕಬೇಕೆಂಬ ಪ್ರಶ್ನೆ. ಮುಂಬೈ ಕಡೆಯಿಂದ ಬಂದು 1871ರಲ್ಲಿ ರಾಯಚೂರು ಮುಟ್ಟಿದ ಹಳಿ ಕಲಬುರಗಿಯ ಮೇಲೇ ಹಾಯ್ದಿದೆ. ಅದರ ಮೇಲೆ ಉಗಿ ಹೋಯಿತು, ಡೀಸೆಲ್ ಬಂತು, ಈಗ ವಿದ್ಯುತ್ ಎಂಜಿನ್ನುಗಳು ಓಡುತ್ತಿವೆ. ಜಾತ್ರೆಯ ರೈಲಿಗೆ ಮಾತ್ರ ಮುಖ ವಿದ್ಯುತ್ ಎಂಜಿನ್ನಿನದು, ದನಿ ಉಗಿ ಎಂಜಿನ್ನಿನದು! ಗಾಣಗಾಪುರ ರೋಡ್‌ನಲ್ಲೋ ಕಲಬುರಗಿಯಲ್ಲೋ ತಂದೆತಾಯಿಯ ಜೊತೆ ರೈಲಿಗೆ ಕಾಯುವ ಮಕ್ಕಳು, ಎಂಜಿನ್ನು ನಿಂತಾಗ ಅದರ ತಂಪು ಪಂಕಗಳ ಮೊರೆತವನ್ನೂ ಹೊರಡುವಾಗಿನ ಹಾರ್ನನ್ನೂ ಕಿವಿಯಿಟ್ಟು ಕೇಳಿ, ಮನೆಯ ರೈಲಿನ ‘ಛುಕ್ ಛುಕ್’ಗೆ ಹೋಲಿಸಿ ನೋಡಬಹುದು.