ಒಬ್ಬಾಕೀಗೆ ಒಂದು ಪ್ಲೇಟ್ ಊಟ ಸಿಗ್ತದೇನ್ರಿ?

ನನ್ನದು ರಾಯಬಾಗ ತಾಲ್ಲೂಕಿನ ಒಂದು ಹಳ್ಳಿ. ಓದುವುದು ಕೊಲ್ಹಾಪುರದಲ್ಲಿ. ಹದಿನೈದು ದಿನಕ್ಕೊಮ್ಮೆ ಊರಿಗೆ ಬಂದು ಹೋಗುತ್ತೇನೆ. ಚಿಕ್ಕೋಡಿ ದಾಟಿ ನಿಪ್ಪಾಣಿವರೆಗೆ ನಮ್ಮ ಸಾರಿಗೆ ಬಸ್ಸಿನಲ್ಲಿ ಶೂನ್ಯ ಟಿಕೆಟ್. ಅಲ್ಲಿ ಬಸ್ಸು ಬದಲಿಸಿ, ರೊಕ್ಕ ಕೊಟ್ಟು ಕೊಲ್ಹಾಪುರಕ್ಕೆ. ಹೀಗಾಗಿ ನಿಪ್ಪಾಣಿ ನನಗೆ ಊರೂ ಅಲ್ಲ, ಪರಊರೂ ಅಲ್ಲ. ಊಟದ ಹೊತ್ತಿಗೆ ಸಿಗುವ ನಿಲ್ದಾಣ.

ಕಳೆದ ವರ್ಷ ಒಂದು ದಿನ ಮಧ್ಯಾಹ್ನ ಒಂದೂವರೆ ಆಗಿತ್ತು. ಬೆಳಿಗ್ಗೆ ಒಂದು ಕಪ್ ಚಹಾ ಬಿಟ್ಟರೆ ಹೊಟ್ಟೆಗೆ ಏನೂ ಇಲ್ಲ. ಧೈರ್ಯ ಮಾಡಿ ಒಂದು ಖಾನಾವಳಿಗೆ ಹೋದೆ. ಬಾಗಿಲಲ್ಲೇ ಹುಡುಗ ಕೇಳಿದ, ‘ಎಷ್ಟ್ ಮಂದಿ ರೀ ಅಕ್ಕಾರ?’

‘ಒಬ್ಬಾಕೀನ.’

ಅವನು ಗಲ್ಲಾದ ಕಡೆ ನೋಡಿದ. ಗಲ್ಲಾದಲ್ಲಿದ್ದ ಕಾಕಾ ಹೇಳಿದರು, ‘ಫ್ಯಾಮಿಲಿ ರೂಮ್ ತುಂಬೇದವಾ. ಹೊರಗ ಎಲ್ಲಾ ಗಂಡಸರ ಅದಾರ. ಪಾರ್ಸಲ್ ಕಟ್ಟಿ ಕೊಡ್ಲೇನು?’

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಮನೆಯ ಮಗಳಿಗೆ ಹೇಳಿದ ಹಾಗೇ ಇತ್ತು. ಒಳಗೆ ನೋಡಿದರೆ ನಾಲ್ಕು ಜನರ ಟೇಬಲ್ಲಿನಲ್ಲಿ ಒಬ್ಬೊಬ್ಬರೇ ಗಂಡಸರು ಕೂತು ಊಟ ಮಾಡುತ್ತಿದ್ದರು. ಅವರನ್ನು ಯಾರೂ ‘ಎಷ್ಟ್ ಮಂದಿ’ ಎಂದು ಕೇಳಿರಲಿಕ್ಕಿಲ್ಲ. ನಾನು ಪಾರ್ಸಲ್ ತಗೊಂಡೆ. ಬಸ್ ನಿಲ್ದಾಣದ ಬೆಂಚಿನ ಮೇಲೆ, ತೊಡೆಯ ಮೇಲೆ ಪೇಪರ್ ಹಾಸಿಕೊಂಡು ರೊಟ್ಟಿ, ಝುಣಕ ತಿಂದೆ. ಎದುರಿಗೆ ಒಂದು ನಾಯಿ, ಸುತ್ತ ಇಪ್ಪತ್ತು ಜನ ನೋಡುವವರು. ಖಾನಾವಳಿಯ ಒಳಗೆ ಕೂತಿದ್ದರೆ ನೋಡುವವರು ಇದಕ್ಕಿಂತ ಕಡಿಮೆಯೇ ಇರುತ್ತಿದ್ದರು!

ಇದನ್ನು ಗೆಳತಿಯರಿಗೆ ಹೇಳಿದರೆ ಯಾರಿಗೂ ಆಶ್ಚರ್ಯವಾಗಲಿಲ್ಲ. ಒಬ್ಬಳು ಚೀಲದಲ್ಲಿ ಯಾವಾಗಲೂ ಎರಡು ಬಿಸ್ಕಿಟ್ ಪುಡಿಕೆ ಇಟ್ಟಿರುತ್ತಾಳಂತೆ. ಇನ್ನೊಬ್ಬಳು ಮನೆ ಮುಟ್ಟುವವರೆಗೆ ಉಪವಾಸ. ನೀರಿನ ಕಥೆ ಇನ್ನೂ ಬೇರೆ. ‘ಬಸ್ಸಿಗೆ ಹೋಗೂ ಮುಂದ ಭಾಳ ನೀರ ಕುಡೀಬ್ಯಾಡ’ ಎಂಬ ಮಾತನ್ನು ಎಲ್ಲರ ಅವ್ವಂದಿರೂ ಹೇಳಿದ್ದಾರೆ. ಕುಡಿದರೆ ಶೌಚಾಲಯ ಹುಡುಕಬೇಕು, ಹುಡುಕಿದರೂ ಒಳಗೆ ಕಾಲಿಡಲು ಆಗಬೇಕಲ್ಲ? ಏಪ್ರಿಲ್ ಬಿಸಿಲಿನಲ್ಲಿ ಮೂರು ತಾಸು ಗಂಟಲು ಒಣಗಿಸಿಕೊಂಡು ಹೋಗುವುದನ್ನು ನಾವು ಜಾಣತನ ಎಂದುಕೊಂಡಿದ್ದೇವೆ. ನಿಪ್ಪಾಣಿಯ ಹೆಸರಿಗೆ ‘ಪಾಣಿ ಇಲ್ಲದ್ದು’ ಎಂದು ಅರ್ಥ ಹಚ್ಚಿ ಚೇಷ್ಟೆ ಮಾಡುವವರಿದ್ದಾರೆ. ಪ್ರಯಾಣ ಮಾಡುವ ಹುಡುಗಿಯರ ಪಾಲಿಗೆ ಎಲ್ಲ ಊರುಗಳೂ ನಿ-ಪಾಣಿಯೇ.

ನಮ್ಮ ಸೋದರತ್ತೆಯ ಮಗಳು ವೈದ್ಯಕೀಯ ಓದಲು ಚೀನಾದ ವುಹಾನ್‌ಗೆ ಹೋಗಿದ್ದಳು. 2020ರ ಜನವರಿಯಲ್ಲಿ ರಜೆಗೆ ಬಂದವಳು ಕೊರೊನಾದಿಂದಾಗಿ ಎರಡು ವರ್ಷಕ್ಕೂ ಹೆಚ್ಚು ಕಾಲ ಇಲ್ಲೇ ಉಳಿದು ಆನ್‌ಲೈನ್ ಪಾಠ ಕೇಳಿದಳು. ನಮ್ಮ ಮನೆಯವರಿಗೆಲ್ಲ ಅವಳನ್ನು ಕೇಳಲು ಇದ್ದದ್ದು ಒಂದೇ ಪ್ರಶ್ನೆ: ‘ಅಲ್ಲಿ ಏನ್ ತಿಂತಿದ್ದಿ ಯವ್ವಾ?’ ಅವಳು ಸಸ್ಯಾಹಾರಿ. ಹೋದ ಹೊಸತರಲ್ಲಿ ಅತ್ತಿದ್ದೂ ಉಂಟು. ಸೊಪ್ಪಿನ ಪಲ್ಯ ಎಂದು ತರಿಸಿದರೆ ಅದರಲ್ಲಿ ಮಾಂಸದ ಚೂರು. ಆಮೇಲೆ ‘ವೊ ಚಿ ಸು’, ಅಂದರೆ ‘ನಾನು ಸಸ್ಯಾಹಾರಿ’ ಎಂಬ ಮೂರು ಶಬ್ದ ಕಲಿತಳು. ಬೌದ್ಧ ದೇವಾಲಯಗಳ ಹತ್ತಿರ ಸಸ್ಯಾಹಾರದ ಊಟ ಸಿಗುತ್ತದೆ ಎಂಬುದನ್ನೂ ಕಂಡುಕೊಂಡಳು. ಬೆಳಗಿನ ನಾಷ್ಟಾಕ್ಕೆ ವುಹಾನ್ ಜನ ಅರೆದ ಎಳ್ಳು ಕಲಸಿದ ನೂಡಲ್ಸ್ ತಿನ್ನುತ್ತಾರೆ. ರಸ್ತೆ ಬದಿಯಲ್ಲಿ ನಿಂತು, ಕೆಲವರು ನಡೆಯುತ್ತಲೇ ತಿನ್ನುತ್ತಾರೆ. ಅದನ್ನು ತಿನ್ನುವಾಗ ಸಂಕ್ರಾಂತಿಗೆ ಅವ್ವ ಬಡಿಯುವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ನೆನಪಾಗುತ್ತಿತ್ತಂತೆ.

ಅವಳು ಹೇಳಿದ ಎರಡು ಮಾತು ನನ್ನ ತಲೆಯಲ್ಲಿ ಕೂತಿವೆ. ಒಂದು, ಅಲ್ಲಿಯ ರೈಲು ನಿಲ್ದಾಣಗಳಲ್ಲಿ, ರೈಲಿನ ಒಳಗೂ ಕುದಿಸಿದ ಬಿಸಿನೀರಿನ ನಲ್ಲಿ ಇರುತ್ತದೆ. ಪುಕ್ಕಟೆ. ಮುದುಕರು, ಮಕ್ಕಳು ಎಲ್ಲರೂ ಥರ್ಮಾಸ್ ಹಿಡಿದು ಬಂದು ತುಂಬಿಸಿಕೊಳ್ಳುತ್ತಾರೆ. ಎರಡನೆಯದು, ‘ನೂಡಲ್ಸ್ ಅಂಗಡ್ಯಾಗ ನಾನು ಒಬ್ಬಾಕೀನ ಹೋಗಿ ಕೂತರ ಯಾರೂ ತಲಿ ಎತ್ತಿ ನೋಡ್ತಿರಲಿಲ್ಲ.’ ಭಾಷೆ ಬಾರದ, ಬಣ್ಣ ಬೇರೆಯಾದ ನಾಡಿನಲ್ಲಿ ಸಿಕ್ಕಿದ್ದು ಅವಳಿಗೆ ಚಿಕ್ಕೋಡಿಯಲ್ಲಿ ಸಿಗಲಿಲ್ಲ. ಇಲ್ಲಿ ಮೊದಲ ಸಲ ಹೋಟೆಲ್ಲಿಗೆ ಹೋದಾಗ ಕೇಳಿದ್ದು, ‘ಜೋಡಿ ಯಾರ ಅದಾರ?’

ಚೀನಾ ಸ್ವರ್ಗ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಅಲ್ಲೂ ಶೌಚಾಲಯಗಳ ಸ್ಥಿತಿ ಕೆಟ್ಟದಾಗಿದ್ದಕ್ಕೇ 2015ರಲ್ಲಿ ‘ಶೌಚಾಲಯ ಕ್ರಾಂತಿ’ ಎಂಬ ಅಭಿಯಾನವನ್ನೇ ಸರ್ಕಾರ ಶುರು ಮಾಡಿತು. ಪ್ರವಾಸಿಗೆ ನೀರು, ಊಟ, ಶೌಚ ಮೂರೂ ಬೇಕು ಎಂದು ಯಾರಾದರೂ ಕುಳಿತು ಯೋಚಿಸಿದರೆ ಬದಲಾವಣೆ ಆಗುತ್ತದೆ ಎಂಬುದಷ್ಟೇ ನನ್ನ ಮಾತು.

ನಮ್ಮ ಸರ್ಕಾರ 2023ರ ಜೂನ್ 11ರಂದು ಶಕ್ತಿ ಯೋಜನೆ ತಂದಿತು. ನನ್ನಂಥವರು ಓದಿಗೆ, ಕೆಲಸಕ್ಕೆ, ಪರೀಕ್ಷೆಗೆ ಒಬ್ಬರೇ ಹೊರಡುವಂತಾಯಿತು. ಬಸ್ಸಿನ ಬಾಗಿಲು ತೆರೆಯಿತು, ಖಾನಾವಳಿಯ ಬಾಗಿಲು ಮಾತ್ರ ಅರ್ಧ ಮುಚ್ಚಿಯೇ ಇದೆ. ಹಾಗೆ ನೋಡಿದರೆ ಆ ಖಾನಾವಳಿಯ ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುವವರು ಹೆಣ್ಣುಮಕ್ಕಳೇ. ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿ ದುಡಿದವರು, ಬೀಡಿ ಕಟ್ಟಿದವರೂ ಅವರೇ. ಊರಿಗೆ ಅವರ ದುಡಿಮೆ ಬೇಕು, ಕೈರುಚಿ ಬೇಕು. ಅವರು ಮುಂದಿನ ಟೇಬಲ್ಲಿನಲ್ಲಿ ಕೂತು ಉಂಡರೆ ಮಾತ್ರ ಪರದೆ ಬೇಕು.

ಇದೇ ನಿಪ್ಪಾಣಿಗೆ 1925ರ ಏಪ್ರಿಲ್‌ನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಬಂದು ಬಹಿಷ್ಕೃತ ವರ್ಗಗಳ ಪ್ರಾಂತೀಯ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಅದಾಗಿ ಎರಡು ವರ್ಷಕ್ಕೆ, 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರನ್ನು ಕುಡಿದು, ಸಾರ್ವಜನಿಕ ನೀರು ಎಲ್ಲರದು ಎಂದು ತೋರಿಸಿದರು. ನಮ್ಮ ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ಓದಿ ನೋಡಿ. ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲ್, ಬಾವಿ, ಕೆರೆ, ರಸ್ತೆಗಳಿಂದ ತಡೆಯಬಾರದು ಎಂದು ಅಲ್ಲಿದೆ. ಅವರು ಅನುಭವಿಸಿದ ಅವಮಾನಕ್ಕೂ ನನ್ನ ಪಾರ್ಸಲ್ ಊಟಕ್ಕೂ ಹೋಲಿಕೆಯೇ ಇಲ್ಲ, ನನಗೆ ಗೊತ್ತು. ಆದರೆ ಆ ಸಾಲಿನಲ್ಲಿ ಜಾತಿಯ ಪಕ್ಕದಲ್ಲೇ ಲಿಂಗವೂ ಇದೆ, ಬಾವಿಯ ಜೊತೆಗೆ ಹೋಟೆಲ್ಲೂ ಇದೆ.

ಮಾಲೀಕರ ಕಷ್ಟ ನನಗೆ ಅರ್ಥವಾಗುವುದಿಲ್ಲ ಎಂದಲ್ಲ. ಊಟದ ಹೊತ್ತಿನಲ್ಲಿ ನಾಲ್ವರ ಫ್ಯಾಮಿಲಿ ರೂಮ್ ಒಬ್ಬಳಿಗೆ ಕೊಟ್ಟರೆ ನಷ್ಟ. ಹಾಗೆಯೇ ಪರದೆ ಬೇಕು ಎನ್ನುವ ಹೆಣ್ಣುಮಕ್ಕಳೂ ಇದ್ದಾರೆ. ನಮ್ಮ ಅವ್ವನೇ ಒಬ್ಬಳು. ಅವಳಿಗೆ ಪರದೆ ಇರಲಿ. ಒಳಗೋ ಹೊರಗೋ ಎಂದು ಆರಿಸುವ ಹಕ್ಕು ಉಣ್ಣುವವಳದಾಗಲಿ. ಗೋಡೆಗೆ ಒಂದು ಉದ್ದನೆಯ ಹಲಗೆ, ಮುಂದೆ ನಾಲ್ಕು ಸ್ಟೂಲ್ ಹಾಕಿದರೆ ಒಬ್ಬೊಬ್ಬರೇ ಬರುವ ಗಿರಾಕಿಗಳಿಗೆ, ಗಂಡಸರಿಗೂ, ಅನುಕೂಲ. ಒಂದು ಸ್ವಚ್ಛ ಶೌಚಾಲಯ, ಒಳಗೆ ಚಿಲಕ, ನಲ್ಲಿಯಲ್ಲಿ ನೀರು ಇದ್ದರೆ ಎರಡು ಲೋಟ ನೀರು ನಾವೂ ಕುಡಿಯುತ್ತೇವೆ. ಸ್ವಸಹಾಯ ಸಂಘದ ಮಹಿಳೆಯರು ನಡೆಸುವ ‘ಅಕ್ಕ ಕೆಫೆ’ಯಂಥದ್ದು ಗಡಿಭಾಗದ ಪ್ರತಿ ಬಸ್ ನಿಲ್ದಾಣದ ಬಳಿಯೂ ಬರಲಿ.

ಅಲ್ಲಿಯವರೆಗೆ ನಾವೇನು ಮಾಡಬೇಕು? ಹೋಗಬೇಕು. ನಾನು ಮತ್ತೆ ಹೋದೆ, ಈ ಸಲ ಒಳರಸ್ತೆಯ ಒಂದು ಸಣ್ಣ ಖಾನಾವಳಿಗೆ. ಒಬ್ಬ ಮಾವಶಿ ನಡೆಸುತ್ತಾರೆ. ನಾನು ಬಾಗಿಲಲ್ಲಿ ತಡವರಿಸುವುದನ್ನು ನೋಡಿ, ಟೇಬಲ್ಲಿನಲ್ಲಿದ್ದ ಲಾರಿ ಚಾಲಕರೊಬ್ಬರಿಗೆ ಹೇಳಿದರು, ‘ಅಣ್ಣಾ, ಸ್ವಲ್ಪ ಸರೀರಿ. ತಂಗಿ, ಕುಂದರ ಬಾ.’ ಅವರು ತಾಟು ಎಳೆದುಕೊಂಡು ಸರಿದರು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಅರ್ಧ ರೊಟ್ಟಿ ಮುಗಿಯುವಷ್ಟರಲ್ಲಿ ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರಿಗೂ ಅವರವರ ಹಸಿವೆ.

ಈಗ ನನಗೆ ಅಲ್ಲಿ ‘ಎಷ್ಟ್ ಮಂದಿ’ ಎಂದು ಯಾರೂ ಕೇಳುವುದಿಲ್ಲ. ‘ರೊಟ್ಟಿ ಎಷ್ಟ್ ಹಾಕ್ಲಿ?’ ಎಂದು ಕೇಳುತ್ತಾರೆ. ಗೆಳತಿಯರೇ, ಮುಂದಿನ ಸಲ ಬಿಸ್ಕಿಟ್ ಪುಡಿಕೆ ಚೀಲದಲ್ಲೇ ಇರಲಿ. ಮೊದಲ ದಿನ ಇಬ್ಬರು ಹೋಗಿ, ಆಮೇಲೆ ಒಬ್ಬರೇ ಹೋಗಿ. ಪಾರ್ಸಲ್ ಬೇಕಾ ಎಂದರೆ ‘ಬ್ಯಾಡ್ರಿ, ಇಲ್ಲೇ ಕುಂತ್ ಉಣ್ತೀನಿ’ ಎನ್ನಿ. ಹಿಂದೆ ಬರುವ ಹುಡುಗಿಗೆ ಆ ಮಾತು ಹೇಳುವ ಪ್ರಸಂಗ ಬರಲಿಕ್ಕಿಲ್ಲ.