ಬ್ಯಾಗು ತಡಕಿದ್ದಾಯ್ತು, ಮುಂದೇನು?

ತುಂಬಾ ದಿನ ಆಗಿತ್ತು ಇಲ್ಲಿ ಏನಾದ್ರೂ ಬರೆದು. ರಿಲೀಸು, ಬಗ್ಗು, ಮೀಟಿಂಗು ಅಂತ ದಿನ ಕಳೆದು ಹೋಗ್ತಾನೇ ಇರತ್ತೆ. ಮೊನ್ನೆ ಭಾನುವಾರ ಚಿಕ್ಕಮ್ಮನ ಫೋನು ಬರದೇ ಇದ್ದಿದ್ದರೆ ಇವತ್ತೂ ಬರೀತಿರಲಿಲ್ಲವೇನೋ.

ಚಿಕ್ಕಮ್ಮನ ಮಗ ಒಂಬತ್ತನೇ ಕ್ಲಾಸು. ಸ್ಕೂಲಿನಲ್ಲಿ ಬ್ಯಾಗ್ ಚೆಕ್ ಮಾಡಿದಾಗ ಇವನ ಬ್ಯಾಗಿನಲ್ಲಿ ಒಂದು ಫೋನು, ಎರಡು ಸಿಗರೇಟು ಸಿಕ್ಕಿವೆ. ಫೋನಿನಲ್ಲಿ ಈ ವಯಸ್ಸಿಗೆ ನೋಡಬಾರದ ವಿಡಿಯೋಗಳು. ಚಿಕ್ಕಪ್ಪನ ಕೈಗೆ ಬೆಲ್ಟು ಬಂದಿದೆ, ಫೋನು ಬೀರು ಸೇರಿದೆ, ಚಿಕ್ಕಮ್ಮ ಸರಿಯಾಗಿ ಊಟ ಮಾಡಿ ಎರಡು ದಿನ ಆಗಿದೆ. "ನೀನಾದ್ರೂ ಬಂದು ನಾಲ್ಕು ಬುದ್ಧಿಮಾತು ಹೇಳೋ, ನಿನ್ನ ಮಾತು ಕೇಳ್ತಾನೆ" ಅಂದರು. ಹೋದೆ. ತಾರಸಿ ಮೇಲೆ ಕೂತು ಅರ್ಧ ಗಂಟೆ ಬರೀ ಕ್ರಿಕೆಟ್ ಮಾತಾಡಿದ ಮೇಲೆ ಹುಡುಗ ಬಾಯಿ ಬಿಟ್ಟ.

"ಎಲ್ರೂ ಬೈದ್ರು ಅಣ್ಣಾ. ಯಾಕೋ ಅಂತ ಒಬ್ರೂ ಕೇಳ್ಲಿಲ್ಲ."

ನಾನೂ ಕೇಳೋಕೆ ಹೋದವನಲ್ಲ, ಬುದ್ಧಿ ಹೇಳೋಕೆ ಹೋದವನು. ಮುಖಕ್ಕೆ ಹೊಡೆದ ಹಾಗಾಯ್ತು.

ಈ ಬ್ಯಾಗ್ ತಡಕುವ ಚಾಳಿ ಹೊಸದಲ್ಲ. 2022ರ ನವೆಂಬರಿನಲ್ಲಿ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಮೊಬೈಲು ಹುಡುಕೋಕೆ ಅಂತ ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳ ಬ್ಯಾಗು ತೆರೆದಿದ್ದು ನಿಮಗೆ ನೆನಪಿರಬಹುದು. ಸಿಕ್ಕಿದ್ದು ಮೊಬೈಲು ಮಾತ್ರ ಅಲ್ಲ. ಸಿಗರೇಟು, ಲೈಟರು, ವೈಟ್ನರು, ಕಾಂಡೋಮು, ಗರ್ಭನಿರೋಧಕ ಮಾತ್ರೆ. ವಾರವಿಡೀ ಟಿವಿಯಲ್ಲಿ ಅದೇ ಚರ್ಚೆ. ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಓದಿದರು, ಎಲ್ಲಕ್ಕೂ ಒಂದೇ ದನಿಯಲ್ಲಿ "ಛೀ" ಅಂದರು.

ನನ್ನ ತಕರಾರು ಶುರುವಾಗೋದೇ ಇಲ್ಲಿ. ವೈಟ್ನರಿನಂಥ ದ್ರಾವಕ ಮೂಸುವ ಚಟ ಹೃದಯದ ಬಡಿತವನ್ನೇ ತಪ್ಪಿಸಿ, ಮೊದಲ ಸಲವೇ ಜೀವ ತೆಗೆಯಬಹುದು. ಸಿಗರೇಟು ನಿಧಾನವಾಗಿ ತೆಗೆಯತ್ತೆ. ಕಾಂಡೋಮು ಯಾರ ಜೀವವನ್ನೂ ತೆಗೆಯಲ್ಲ. ಹದಿನಾಲ್ಕರ ಹುಡುಗನ ಬ್ಯಾಗಿನಲ್ಲಿ ಅದು ಸಿಕ್ಕಿದರೆ ಮನೆಯವರಿಗೆ ಗಾಬರಿ ಆಗೋದು ಸಹಜ. ಅವನನ್ನು ಕೂರಿಸಿಕೊಂಡು ಮಾತಾಡಲೇಬೇಕು, ಅವನ ಮೇಲೆ ಯಾರಾದರೂ ದೊಡ್ಡವರ ಕಣ್ಣು ಬಿದ್ದಿದೆಯಾ ಅಂತಲೂ ನೋಡಬೇಕು. ಆದರೆ ವಿಷವನ್ನೂ ರಕ್ಷಣೆಯ ಸಾಧನವನ್ನೂ ಒಂದೇ ಡಬ್ಬಕ್ಕೆ ಹಾಕಿದರೆ ಮಗುವಿಗೆ ತಿಳಿಯೋದೇನು? ಯಾವುದು ಅಪಾಯ ಅನ್ನೋದಂತೂ ಅಲ್ಲ. ಯಾವುದನ್ನು ಇನ್ನೂ ಚೆನ್ನಾಗಿ ಬಚ್ಚಿಡಬೇಕು ಅನ್ನೋದು ಅಷ್ಟೇ.

ಸರ್ಕಾರವೂ ಅದೇ ಗೊಂದಲಕ್ಕೆ ಬಿತ್ತು. 2023ರ ಜನವರಿಯಲ್ಲಿ ಔಷಧ ನಿಯಂತ್ರಣ ಇಲಾಖೆಯ ಸುತ್ತೋಲೆ ಬಂತು, 18 ತುಂಬದವರಿಗೆ ಗರ್ಭನಿರೋಧಕ ಮಾರಬಾರದಂತೆ ಅಂತ ಸುದ್ದಿಯಾಯ್ತು. ಆಮೇಲೆ ಇಲಾಖೆಯೇ, ನಿಷೇಧ ಅಲ್ಲ, ತಿಳಿಹೇಳಿ ಅಂದಿದ್ದು ಅಂತ ಸ್ಪಷ್ಟನೆ ಕೊಡಬೇಕಾಯ್ತು. ಸರಿ ಸ್ವಾಮಿ, ತಿಳಿಹೇಳೋರು ಯಾರು? 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಶಾಲೆಗಳಿಗೆ ಬಂದಾಗ, ಸಂಸ್ಕೃತಿಯ ಹೆಸರಿನಲ್ಲಿ ಗಲಾಟೆಯಾಗಿ ಅದನ್ನು ನಿಲ್ಲಿಸಿದ ರಾಜ್ಯಗಳಲ್ಲಿ ನಮ್ಮದೂ ಒಂದು. ನಮ್ಮ ಸ್ಕೂಲಿನಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ಮೇಷ್ಟ್ರು "ಇದನ್ನ ಮನೇಲೇ ಓದ್ಕೊಳ್ರೋ" ಅಂತ ಪುಟ ತಿರುಗಿಸಿದ್ದರು. ನಿಮ್ಮಲ್ಲೂ ಬಹುತೇಕರಿಗೆ ಹಾಗೇ ಆಗಿರತ್ತೆ ಬಿಡಿ. ಮನೆಯಲ್ಲಿ ಯಾರು ಓದಿಸಿದರು? ಯಾರೂ ಇಲ್ಲ. ಮೇಷ್ಟ್ರು ಬಿಟ್ಟ ಪಾಠವನ್ನು ಆಗ ಗೆಳೆಯನ ಮೆಮೊರಿ ಕಾರ್ಡು ಮಾಡಿತು. 2016ರಲ್ಲಿ ಜಿಯೋ ಬಂದ ಮೇಲೆ ಅಗ್ಗದ ಇಂಟರ್ನೆಟ್ಟು ಮಾಡ್ತಿದೆ.

ಇನ್ನು ದೊಡ್ಡವರ ಕಥೆ. 2012ರ ಫೆಬ್ರವರಿ, ನಾನಾಗ ಒಂಬತ್ತನೇ ಕ್ಲಾಸು. ವಿಧಾನಸಭೆಯಲ್ಲಿ ಕೂತು ಸಚಿವ ಲಕ್ಷ್ಮಣ ಸವದಿ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡ್ತಿದ್ದದ್ದನ್ನು ನಾಡೇ ಟಿವಿಯಲ್ಲಿ ನೋಡಿತು. ಪಕ್ಕದಲ್ಲಿದ್ದ ಸಿ.ಸಿ. ಪಾಟೀಲರ ಖಾತೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ! ಅದು ರೇವ್ ಪಾರ್ಟಿಯ ವಿಡಿಯೋ ಅಂತ ಸಮಜಾಯಿಷಿ ಬಂತು, ಮರುದಿನ ಕೃಷ್ಣ ಪಾಲೆಮಾರ್ ಸೇರಿ ಮೂವರ ರಾಜೀನಾಮೆಯೂ ಆಯ್ತು. 2019ರಲ್ಲಿ ಸವದಿ ಉಪಮುಖ್ಯಮಂತ್ರಿ, ಪಾಟೀಲರು ಮತ್ತೆ ಮಂತ್ರಿ. ದೊಡ್ಡವರಿಗೆ ಎರಡನೇ ಅವಕಾಶ ಸಿಗತ್ತೆ. ಹದಿನಾಲ್ಕರ ಹುಡುಗನಿಗೆ ಬೆಲ್ಟು.

"ಎಲ್ಲಾ ಸೈಟುಗಳನ್ನೂ ಬ್ಲಾಕ್ ಮಾಡಿಬಿಡಿ" ಅನ್ನೋರಿಗೆ ನನ್ನ ಹೊಟ್ಟೆಪಾಡಿನ ಅನುಭವದಿಂದ ಒಂದು ಮಾತು. 2015ರ ಆಗಸ್ಟಿನಲ್ಲಿ 857 ಸೈಟು ಮುಚ್ಚಿಸಿದರು, ಕೆಲವೇ ದಿನದಲ್ಲಿ ಹಿಂದೆ ಸರಿದರು. 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶದ ಮೇಲೆ ಮತ್ತೆ 827. ಇಂಥ ಪಟ್ಟಿಯಲ್ಲಿರೋದು ಸೈಟಿನ ಹೆಸರು. ಅದೇ ಸರಕು ಬೇರೆ ಹೆಸರಿನಲ್ಲಿ ಬಂದರೆ ಪಟ್ಟಿಗೆ ಗೊತ್ತಾಗಲ್ಲ, ವಾಟ್ಸಾಪ್ ಗುಂಪಿನಲ್ಲಿ ಬಂದರಂತೂ ಕೇಳೋದೇ ಬೇಡ. ಚಿಕ್ಕ ಮಕ್ಕಳ ಫೋನಿಗೆ ಫಿಲ್ಟರ್ ಹಾಕಿ, ಬೇಡ ಅನ್ನಲ್ಲ. ಅದು ಸ್ವಲ್ಪ ಸಮಯ ಕೊಡತ್ತೆ. ಆ ಸಮಯದಲ್ಲಿ ನಾವು ಮಾತಾಡಿದ್ದೀವಾ ಅನ್ನೋದು ಪ್ರಶ್ನೆ. ಎರರ್ ಬಂತು ಅಂತ ಲಾಗ್ ಫೈಲನ್ನೇ ಡಿಲೀಟ್ ಮಾಡಿದರೆ ಪ್ರೋಗ್ರಾಮು ಸರಿ ಹೋಗತ್ತಾ?

ಹಾಗಾದ್ರೆ ಸುಮ್ಮನೆ ಬಿಟ್ಟುಬಿಡಬೇಕಾ ಅಂತ ಚಿಕ್ಕಪ್ಪನೂ ಕೇಳಿದರು. ಬೇಡ. ತಡಕಲೇಬೇಕು ಅಂದರೆ ಅಂಗಡಿ ತಡಕಿ. 2025ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ತಿದ್ದುಪಡಿ ಪ್ರಕಾರ 21 ತುಂಬದವರಿಗೆ ತಂಬಾಕು ಮಾರೋ ಹಾಗಿಲ್ಲ, ಶಾಲೆಯಿಂದ 100 ಮೀಟರ್ ಒಳಗೂ ಮಾರೋ ಹಾಗಿಲ್ಲ, ಬಿಡಿ ಸಿಗರೇಟು ಮಾರೋ ಹಾಗಿಲ್ಲ. ನಮ್ಮ ಹುಡುಗನಿಗೆ ಎರಡು ಬಿಡಿ ಸಿಗರೇಟು ಸಿಕ್ಕಿದ್ದು ಸ್ಕೂಲಿನ ಎದುರಿನ ಪೆಟ್ಟಿಗೆ ಅಂಗಡಿಯಲ್ಲೇ. ಅವನ ಬ್ಯಾಗು ಸುರುವಿದ ಯಾರೂ ರಸ್ತೆ ದಾಟಿ ಆ ಅಂಗಡಿಯವನನ್ನು ಕೇಳಲಿಲ್ಲ. ಹುಡುಗನ ಮೇಲೆ ಜೋರು ಮಾಡೋದು ಸುಲಭ ನೋಡಿ.

ಇನ್ನೊಂದು, ನಿಲ್ಲಿಸಿದ ಪಾಠವನ್ನು ಪೂರ್ತಿ ಮಾಡಿ. ಮೇಷ್ಟ್ರಿಗೆ ಮುಜುಗರ ಆದರೆ ಡಾಕ್ಟರನ್ನೋ ನರ್ಸನ್ನೋ ಕರೆಸಿ. ಮಗು ಚಟಕ್ಕೆ ಬಿದ್ದಿದೆ ಅನ್ನಿಸಿದರೆ ಬೆಲ್ಟು ಹುಡುಕಬೇಡಿ, ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಬೇಕಿಲ್ಲ.

ಇಳಿಯೋ ಮುಂಚೆ ಹುಡುಗ ನೆಲ ನೋಡ್ತಾ ಕೇಳಿದ, "ಅದ್ರಲ್ಲಿ ತೋರಿಸೋದೆಲ್ಲಾ ನಿಜಾನಾ ಅಣ್ಣಾ? ಹುಡುಗೀರಿಗೆ ಹಾಗೇ ಇಷ್ಟ ಆಗತ್ತಾ?"

ಎದೆ ಧಸಕ್ಕೆಂದಿತು. ಇಷ್ಟು ದಿನ ಆ ಪ್ರಶ್ನೆಗೆ ಅವನಿಗೆ ಉತ್ತರ ಕೊಡ್ತಾ ಇದ್ದದ್ದು ಆ ವಿಡಿಯೋಗಳೇ. "ಇಲ್ಲ ಕಣೋ, ಅದು ದುಡ್ಡಿಗೆ ಮಾಡಿದ ನಟನೆ, ಎಷ್ಟೋ ಸಲ ಬಲವಂತ ಕೂಡ. ಅವಳಿಗೆ ಏನಿಷ್ಟ ಅಂತ ಅವಳನ್ನೇ ಕೇಳಬೇಕು, ಬೇಡ ಅಂದ್ರೆ ಬೇಡ ಅಷ್ಟೇ" ಅಂದೆ. ನನ್ನ ದನಿಯೂ ನಡುಗ್ತಿತ್ತು. ಅಭ್ಯಾಸ ಇಲ್ಲ ನೋಡಿ, ನನಗೂ ಯಾರೂ ಹೇಳಿರಲಿಲ್ಲ.

ನಿಮ್ಮ ಮನೆಯಲ್ಲೂ ತಮ್ಮನೋ ತಂಗಿಯೋ ಅಕ್ಕನ ಮಗನೋ ಇದ್ದಾರಲ್ಲ? ಬ್ಯಾಗಿಗೆ ಕೈ ಹಾಕೋ ಮುಂಚೆ ಒಮ್ಮೆ ತಾರಸಿಗೆ ಕರ್ಕೊಂಡು ಹೋಗಿ. ಕ್ರಿಕೆಟ್ಟಿಂದ ಶುರು ಮಾಡಿದರೂ ಪರವಾಗಿಲ್ಲ.