ಮೂರು ವಾರ ಬೇರೆ ಕಟ್ಟಿದ್ರೆ ಸಾಲದು

ಹೊಸ ಟಗರೋ ಹೋತವೋ ತಂದ್ರೆ ಮೂರು ವಾರ ಬೇರೆ ಕಟ್ಟಿ, ಜ್ವರ ಇಲ್ಲ, ಸಿಂಬಳ ಇಲ್ಲ, ಮೇವು ಚೆನ್ನಾಗಿ ತಿಂತಿದೆ ಅಂತ ಖಾತ್ರಿ ಮಾಡ್ಕೊಂಡು ಆಮೇಲೆ ರೊಪ್ಪಕ್ಕೆ ಬಿಡಿ. ಕುರಿ-ಮೇಕೆ ಸಾಕೋರೆಲ್ಲ ಒಬ್ಬರಿಗೊಬ್ಬರು ಹೇಳೋ ಮಾತು ಇದು. ಪಿಪಿಆರ್‌ನಂಥ ಕಾಯಿಲೆಗೆ ಈ ಲೆಕ್ಕ ಸರಿ, ಅದು ಒಳಗಿದ್ರೆ ಅಷ್ಟರೊಳಗೆ ಹೊರಗೆ ಬಂದೇ ಬರುತ್ತೆ. ಆದರೆ ವರ್ಷಗಟ್ಟಲೆ ಮೈಯೊಳಗೆ ಸುಮ್ಮನೆ ಕೂತಿರೋ ಕಾಯಿಲೆಗಳೂ ಇವೆ. ಅವುಗಳ ಮುಂದೆ ನಮ್ಮ ಮೂರು ವಾರ ಏನೇನೂ ಅಲ್ಲ.

ಲೆಂಟಿವೈರಸ್ ಅನ್ನೋದು ಅಂಥದ್ದು. ಲ್ಯಾಟಿನ್‌ನಲ್ಲಿ ಲೆಂಟಸ್ ಅಂದ್ರೆ ನಿಧಾನ. ಕುರಿಯಲ್ಲಿ ಇದು ತರೋ ಕಾಯಿಲೆಗೆ ಮೇದಿ-ವಿಸ್ನಾ ಅಂತಾರೆ, ಮೇಕೆಯಲ್ಲಿ ಸಿಎಇ. ಮನುಷ್ಯರ ಎಚ್‌ಐವಿ ಕೂಡ ಇದೇ ವಂಶದ್ದು. ಹಾಗಂತ ಹೆದರಬೇಡಿ, ಕುರಿ-ಮೇಕೆಯ ಈ ವೈರಸ್ ನಮಗೆ ಅಂಟಲ್ಲ.

ಇದು ಎಷ್ಟು ನಿಧಾನ, ಎಷ್ಟು ದುಬಾರಿ ಅಂತ ತಿಳಿಯೋಕೆ ಐಸ್‌ಲ್ಯಾಂಡ್ ಕಥೆ ಸಾಕು. ಸಾವಿರ ವರ್ಷದ ಹತ್ತಿರ ಹೊರಗಿನ ಕುರಿ ಹೆಚ್ಚಾಗಿ ಕಾಲಿಡದ ದ್ವೀಪ ಅದು. ತಳಿ ಸುಧಾರಣೆಗೆ ಅಂತ 1933ರಲ್ಲಿ ಜರ್ಮನಿಯ ಹಾಲೆ ಊರಿಂದ 20 ಕಾರಾಕುಲ್ ಕುರಿ ತಂದರು. ನೇರವಾಗಿ ರೈತರಿಗೆ ಕೊಡಲಿಲ್ಲ, ಎರಡು ತಿಂಗಳು ಬೇರೆ ಇಟ್ಟು ನೋಡಿದರು. ಎಲ್ಲವೂ ಗಟ್ಟಿಮುಟ್ಟಾಗಿ ಕಂಡವು, ಹಂಚಿದರು. ಕೆಲವು ವರ್ಷ ಆದಮೇಲೆ ಆ ಕುರಿ ಹೋದ ಸೀಮೆಗಳಲ್ಲಿ ದೊಡ್ಡ ಕುರಿಗಳು ಏದುಸಿರು ಬಿಡೋಕೆ ಶುರು ಮಾಡಿದವು. ಮೇವು ತಿಂದರೂ ಸೊರಗುತ್ತಾ ಹೋಗಿ ಸತ್ತವು. ಮೇದಿ ಅಂದ್ರೆ ಅವರ ಭಾಷೆಯಲ್ಲಿ ಉಬ್ಬಸ, ವಿಸ್ನಾ ಅಂದ್ರೆ ಸೊರಗೋದು.

ಅಂದಾಜು ಒಂದು ಲಕ್ಷಕ್ಕೂ ಹೆಚ್ಚು ಕುರಿ ಕಾಯಿಲೆಯಿಂದಲೇ ಸತ್ತವು. ಅದೇ ಕುರಿಗಳ ಜೊತೆ ಬಂದಿದ್ದ ಇನ್ನೊಂದು ಶ್ವಾಸಕೋಶದ ರೋಗವನ್ನೂ ಸೇರಿಸಿ ಬೇರುಸಹಿತ ಕಿತ್ತು ಹಾಕೋಕೆ ಸುಮಾರು 6.5 ಲಕ್ಷ ಕುರಿ ಕಡಿದರು. ಸೀಮೆ ಸೀಮೆಗೇ ಬೇಲಿ ಹಾಕಿ, ರೊಪ್ಪ ಖಾಲಿ ಬಿಟ್ಟು, ರೋಗ ಮುಟ್ಟದ ಭಾಗದ ಮರಿ ತಂದು ಮತ್ತೆ ಮಂದೆ ಕಟ್ಟಿದರು. ಮೇದಿ ಪೂರ್ತಿ ಹೋಗಿದ್ದು 1965ರಲ್ಲಿ. ಅಲ್ಲಿನ ವಿಜ್ಞಾನಿ ಬ್ಯೋರ್ನ್ ಸಿಗುರ್ಡ್ಸನ್ 1954ರಲ್ಲಿ 'ನಿಧಾನ ಸೋಂಕು' ಅನ್ನೋ ವಿಚಾರ ಜಗತ್ತಿನ ಮುಂದೆ ಇಟ್ಟಿದ್ದು ಈ ಕುರಿಗಳನ್ನು ನೋಡಿಯೇ.

ಅಲ್ಲಿನ ಕಥೆ ನಮಗ್ಯಾಕೆ ಅಂತೀರಾ? ನಾವು ಈಗ ಮಾಡ್ತಿರೋದನ್ನೇ ನೋಡಿ. ಬೋಯರ್, ಡಾರ್ಪರ್, ಸಿರೋಹಿ, ಬೀಟಲ್ ಅಂತ ದೂರದ ತಳಿ ತರ್ತಿದೀವಿ. ಬಯಲಲ್ಲಿ ಮೇಯೋ ಮಂದೆ ಬಿಟ್ಟು ಹಲಗೆ ಅಟ್ಟದ ಶೆಡ್‌ನಲ್ಲಿ ಒತ್ತೊತ್ತಾಗಿ ಕೂಡ್ತಿದೀವಿ. ಐಸ್‌ಲ್ಯಾಂಡ್‌ನಲ್ಲಿ ರೋಗ ಹಬ್ಬೋಕೆ ಅನುಕೂಲ ಮಾಡಿಕೊಟ್ಟಿದ್ದು ಚಳಿಗಾಲದಲ್ಲಿ ಕುರಿಗಳನ್ನು ಒಟ್ಟಿಗೆ ಕೊಟ್ಟಿಗೆಯಲ್ಲಿ ಕೂಡಿ ಹಾಕ್ತಿದ್ದದ್ದು. ಒಂದರ ಉಸಿರು ಇನ್ನೊಂದಕ್ಕೆ. ಮೇಕೆಯಲ್ಲಿ ಮುಖ್ಯ ದಾರಿ ಗಿಣ್ಣು ಹಾಲು, ಹಾಲು. ನಾಲ್ಕು ತಾಯಿಯ ಹಾಲು ಒಂದೇ ಪಾತ್ರೆಗೆ ಹಿಂಡಿ ಎಲ್ಲ ಮರಿಗೂ ಬಾಟಲಿಯಲ್ಲಿ ಕುಡಿಸಿದ್ರೆ, ಒಂದು ಸೋಂಕಿನ ತಾಯಿ ಸಾಕು ಇಡೀ ಬ್ಯಾಚ್ ಕೆಡೋಕೆ. ನಮ್ಮ ದೇಶದ ಮೇಕೆಗಳ ರಕ್ತದಲ್ಲೂ ಈ ಸೋಂಕಿನ ಗುರುತು ಸಿಕ್ಕಿದೆ.

ಸೋಂಕು ತಗುಲಿದ ಹೆಚ್ಚಿನವು ಜೀವಮಾನದಲ್ಲಿ ಏನೂ ತೋರಿಸಲ್ಲ. ತೋರಿಸಿದ್ರೆ ದೊಡ್ಡ ಮೇಕೆಗೆ ಮುಂಗಾಲಿನ ಮಂಡಿ ಊದುತ್ತೆ, ಕೆಲವು ತಿಂಗಳ ಮರಿಗೆ ಹಿಂಗಾಲು ಸೋಲುತ್ತೆ, ಈದ ಮೇಲೆ ಕೆಚ್ಚಲು ಕಲ್ಲಿನ ಹಾಗೆ ಗಟ್ಟಿಯಾಗಿ ಹಾಲು ಇಳಿಯಲ್ಲ. ಇವೆಲ್ಲ ಬೇರೆ ಕಾಯಿಲೆಯಲ್ಲೂ ಬರುತ್ತವೆ, ಮಂಡಿ ಊದಿದ ಕೂಡಲೇ ಇದೇ ಅಂತ ತೀರ್ಮಾನ ಮಾಡಬೇಡಿ, ಡಾಕ್ಟರಿಗೆ ತೋರಿಸಿ. ಲಸಿಕೆ ಇಲ್ಲ, ಔಷಧಿ ಇಲ್ಲ. ಇರೋ ದಾರಿ ಒಂದೇ, ಒಳಗೆ ಬಿಟ್ಟುಕೊಳ್ಳದೇ ಇರೋದು.

"ಪಿಪಿಆರ್, ಕರುಳುಬೇನೆ, ನೀಲಿನಾಲಿಗೆಗೇ ಸಾಕಾಗಿದೆ, ಇದೊಂದು ಯಾಕಪ್ಪಾ" ಅನ್ನೋರಿದ್ದಾರೆ. ಮಾತಿನಲ್ಲಿ ನ್ಯಾಯ ಇದೆ. ಇವತ್ತು ಮಂದೆ ಕೊಲ್ಲೋದು ಅವೇ, ಮೊದಲು ಆ ಲಸಿಕೆ ಹಾಕಿಸಿ. ಬಯಲಲ್ಲಿ ನಾಟಿ ಕುರಿ ಮೇಯಿಸೋರು ನಾಳೆಯೇ ಲ್ಯಾಬಿಗೆ ಓಡಿ ಅಂತಾನೂ ನಾನು ಹೇಳ್ತಿಲ್ಲ. ನನ್ನ ಮಾತು ಬೀಜದ ಪ್ರಾಣಿ ಮಾರೋರಿಗೆ ಮತ್ತು ಕೊಳ್ಳೋರಿಗೆ. ಅಷ್ಟು ದುಡ್ಡು ಕೊಟ್ಟು ತಗೊಳ್ಳುವಾಗ ತೂಕ ಕೇಳ್ತೀವಿ, ಕಿವಿ ಉದ್ದ ನೋಡ್ತೀವಿ, ಅಪ್ಪ ಯಾರು ಅಂತ ವಿಚಾರಿಸ್ತೀವಿ. ರಕ್ತ ಪರೀಕ್ಷೆ ಚೀಟಿ ಎಲ್ಲಿ ಅಂತ ಕೇಳೋರು ಎಷ್ಟು ಜನ?

ಕೇಳುವಾಗ ಸರಿಯಾಗಿ ಕೇಳಬೇಕು. ಸೋಂಕು ತಗುಲಿ ಎಲಿಸಾ ಪರೀಕ್ಷೆಯಲ್ಲಿ ಕಾಣೋಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅದಕ್ಕೆ ಆ ಒಂದು ಪ್ರಾಣಿಯ ಒಂದು ಚೀಟಿ ಸಾಲಲ್ಲ, ಅದು ಹುಟ್ಟಿ ಬೆಳೆದ ಮಂದೆಯದ್ದು ಕೇಳಿ, ಆರು ತಿಂಗಳಿಗೊಮ್ಮೆ ಮಾಡಿಸಿದ್ದರೆ ಒಳ್ಳೇದು. ತಾಯಿಯ ಗಿಣ್ಣು ಹಾಲಿಂದ ಬಂದ ಪ್ರತಿಕಾಯ ಇರೋದ್ರಿಂದ ಆರು ತಿಂಗಳ ಒಳಗಿನ ಮರಿಯ ಫಲಿತಾಂಶ ನಂಬೋಕಾಗಲ್ಲ. ಶೆಡ್‌ನಲ್ಲಿ ಸೋಂಕಿನ ಮೇಕೆ ಇದ್ದೇ ಇದೆ ಅಂತಾದ್ರೆ ಮರಿ ಹುಟ್ಟಿದ ಕೂಡಲೇ, ತಾಯಿ ನೆಕ್ಕೋಕೂ ಮುಂಚೆ ಬೇರೆ ಮಾಡಿ, ಗಿಣ್ಣು ಹಾಲನ್ನ 56 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಕುಡಿಸಬೇಕು. ಕುದಿಸಿದ್ರೆ ಗಿಣ್ಣು ಆಗಿಬಿಡುತ್ತೆ, ಥರ್ಮಾಮೀಟರ್ ಬೇಕೇ ಬೇಕು.

ಬೀಜದ ಟಗರು, ಹೋತ ಮಾರೋದು ಸರ್ಕಾರಿ ಫಾರಂ ಆಗಲಿ ಖಾಸಗಿಯಾಗಲಿ, ಪ್ರಾಣಿ ಜೊತೆ ಮಂದೆಯ ಪರೀಕ್ಷೆ ಚೀಟಿ ಕೊಡೋದು ನಿಯಮ ಆಗಬೇಕು. ರೈತನಿಗೆ ಹತ್ತಿರದಲ್ಲಿ, ಕೈಗೆಟುಕೋ ದರದಲ್ಲಿ ಪರೀಕ್ಷೆ ಸಿಗಬೇಕು. ನಿಯಮ ಬರೋವರೆಗೆ ನಾವೇ ಚೀಟಿ ಕೇಳೋಣ. ಕೊಳ್ಳೋರು ಹತ್ತು ಜನ ಕೇಳಿ ವಾಪಸ್ ಹೋದ್ರೆ, ಹನ್ನೊಂದನೆಯವರು ಬರೋದ್ರೊಳಗೆ ಮಾರೋರು ಪರೀಕ್ಷೆ ಮಾಡಿಸಿರ್ತಾರೆ.